ಕೊನೆಯ ಪದವೇ ಪದಾರ್ಥ

ಡೇನಿಶ್ ಭಾಷೆಯಲ್ಲಿ ‘ಬ್ರೊದ್’ ಎಂದರೆ ಬ್ರೆಡ್ಡು. ಅದಕ್ಕೆ ಮೊದಲು ರೈ ಧಾನ್ಯದ ಹೆಸರು ಸೇರಿದರೆ ‘ರೂಬ್ರೊದ್’, ಬೆಣ್ಣೆಯ ಹೆಸರು ಸೇರಿದರೆ ‘ಸ್ಮೊರಬ್ರೊದ್’, ವಿಯೆನ್ನಾ ನಗರದ ಹೆಸರು ಸೇರಿದರೆ ‘ವೀನರ್‌ಬ್ರೊದ್’. ಮೊದಲನೆಯದು ಡೆನ್ಮಾರ್ಕಿನ ಮನೆಮನೆಯಲ್ಲೂ ಸಿಗುವ ಹುಳಿಹಿಟ್ಟಿನ ಕಪ್ಪು ಬ್ರೆಡ್ಡು. ಎರಡನೆಯದು ಅದೇ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರಿ, ಮೇಲೆ ಮೀನು, ಮೊಟ್ಟೆ, ಮಾಂಸ ಪೇರಿಸಿದ ಮಧ್ಯಾಹ್ನದ ಊಟ. ಮೂರನೆಯದು ಪದರ ಪದರವಾಗಿ ಬಿಡುವ ಸಿಹಿ ತಿನಿಸು. ಒಂದೇ ಪದ ಕಲಿತದ್ದಕ್ಕೆ ಮೂರು ಪದಾರ್ಥ ಕೈಗೆ ಬಂದಂತಾಯಿತು.

ಡೇನಿಶ್ ಊಟದ ಪದಸಂಪತ್ತು ಬಹುಮಟ್ಟಿಗೆ ಹೀಗೆಯೇ ಬೆಳೆದಿದೆ. ಮೂಲಪದಗಳು ಕೆಲವೇ, ಅವು ಕೂಡಿ ಆಗುವ ಸಮಾಸಗಳು ಅಸಂಖ್ಯ. ಕೂಡಿದ ಪದಗಳ ನಡುವೆ ಜಾಗ ಬಿಡದೆ ಒಂದೇ ಉದ್ದ ಪದವಾಗಿ ಬರೆಯುವುದರಿಂದ ಹೊಸಬರಿಗೆ ಹೋಟೆಲಿನ ತಿಂಡಿಪಟ್ಟಿ ದಿಗಿಲು ಹುಟ್ಟಿಸುತ್ತದೆ. ಕನ್ನಡ ವ್ಯಾಕರಣ ಓದಿದವರಿಗೆ ಇದರ ಕೀಲಿಕೈ ಹೊಸದಲ್ಲ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ: ಅಕ್ಕಿರೊಟ್ಟಿ ಕೊನೆಗೂ ರೊಟ್ಟಿಯೇ. ಡೇನಿಶ್ ಪದವನ್ನೂ ಬಾಲದಿಂದ ಹಿಡಿದು ಓದಬೇಕು. ಕೊನೆಯ ತುಂಡು ಪದಾರ್ಥ ಏನೆಂದು ಹೇಳುತ್ತದೆ, ಮೊದಲಿನ ತುಂಡು ಅದು ಎಂಥದ್ದೆಂದು ಹೇಳುತ್ತದೆ.

ನಾಲಿಗೆಗೆ ಮೊದಲ ಪಾಠ

ಪದ ಓದುವುದು ಸುಲಭ, ಉಚ್ಚರಿಸುವುದು ಕಷ್ಟ. ಡೇನಿಶ್ ವರ್ಣಮಾಲೆಯಲ್ಲಿ 29 ಅಕ್ಷರಗಳಿವೆ. ಇಂಗ್ಲಿಷಿನ 26 ಮುಗಿದ ಮೇಲೆ ಮೂರು ಸ್ವರಗಳು ಬರುತ್ತವೆ: ರೋಮನ್ ಲಿಪಿಯ ‘ಎ’ ಮತ್ತು ‘ಇ’ಗಳನ್ನು ಬೆಸೆದದ್ದು ಒಂದು, ‘ಒ’ ಅಕ್ಷರಕ್ಕೆ ಓರೆಗೀಟು ಎಳೆದದ್ದು ಇನ್ನೊಂದು, ತಲೆಯ ಮೇಲೆ ಪುಟ್ಟ ಸೊನ್ನೆ ಹೊತ್ತ ‘ಎ’ ಮೂರನೆಯದು. ಈ ಕೊನೆಯದಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು 1948ರ ಕಾಗುಣಿತ ಸುಧಾರಣೆಯಲ್ಲಿ. ಅದಕ್ಕೆ ಮುಂಚೆ ಎರಡು ‘ಎ’ಗಳನ್ನು ಒಟ್ಟಿಗೆ ಬರೆಯುತ್ತಿದ್ದರು. ಮೂರೂ ವರ್ಣಮಾಲೆಯ ಕೊನೆಯಲ್ಲಿರುವುದರಿಂದ ಮೊಟ್ಟೆ (ಎಗ್), ಸೇಬು (ಎಬ್ಲ), ಬಿಯರ್ (ಒಲ್) ಎಂಬ ತೀರಾ ಸಾಮಾನ್ಯ ಪದಗಳನ್ನೂ ನಿಘಂಟಿನ ಕಡೆಯ ಪುಟಗಳಲ್ಲಿ ಹುಡುಕಬೇಕು.

ಓರೆಗೀಟಿನ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಗುರುತಿಲ್ಲ. ನಾಲಿಗೆಯನ್ನು ‘ಎ’ ಎನ್ನುವ ಜಾಗದಲ್ಲೇ ಇಟ್ಟು, ತುಟಿಗಳನ್ನು ಮಾತ್ರ ‘ಒ’ ಎನ್ನುವಂತೆ ದುಂಡಗೆ ಮಾಡಿದರೆ ಆ ಧ್ವನಿ ಹೊರಡುತ್ತದೆ. ಬ್ರೆಡ್ಡು, ಬೆಣ್ಣೆ, ಮಾಂಸ, ಗಂಜಿ, ಈರುಳ್ಳಿ ಎಲ್ಲದರಲ್ಲೂ ಇದೇ ಸ್ವರ. ಇಲ್ಲಿ ‘ಬ್ರೊದ್’, ‘ಕೊದ್’ (ಮಾಂಸ) ಎಂದು ಬರೆದಿರುವುದು ಹತ್ತಿರದ ಗುರುತು ಮಾತ್ರ.

ಇದಕ್ಕಿಂತ ಕಠಿಣವಾದುದು ಡೇನರು ‘ಮೆದು ದ’ ಎಂದು ಕರೆಯುವ ವ್ಯಂಜನ. ನಾಲಿಗೆಯ ತುದಿ ಕೆಳಹಲ್ಲುಗಳ ಹಿಂದೆ ಒರಗಿರುತ್ತದೆ, ಉಸಿರಿಗೆ ಎಲ್ಲೂ ಪೂರ್ತಿ ತಡೆಯಿಲ್ಲ. ಹೊಸಬರ ಕಿವಿಗೆ ಅದು ‘ದ’ ಎನ್ನುವುದಕ್ಕಿಂತ ‘ಲ’ ಎಂದಂತೆಯೇ ಕೇಳಿಸುತ್ತದೆ. ಬ್ರೊದ್, ಕೊದ್, ‘ಗಂಜಿ’ ಎಂಬ ಅರ್ಥದ ‘ಗ್ರೊದ್’, ‘ಆಹಾರ’ ಎಂಬ ಅರ್ಥದ ‘ಮದ್’, ಇವೆಲ್ಲ ಮುಗಿಯುವುದು ಈ ಧ್ವನಿಯಿಂದಲೇ. ಇದನ್ನು ಪರೀಕ್ಷಿಸಲು ಡೇನರ ಬಳಿ ಒಂದು ಸಿದ್ಧ ಅಸ್ತ್ರವಿದೆ: ‘ರೊದ್‌ಗ್ರೊದ್ ಮೆದ್ ಫ್ಲೊದ’. ರೆಡ್ ಕರೆಂಟ್, ಸ್ಟ್ರಾಬೆರಿಯಂಥ ಕೆಂಪು ಹಣ್ಣುಗಳನ್ನು ಬೇಯಿಸಿ, ಆಲೂಗಡ್ಡೆ ಪಿಷ್ಟದಿಂದ ಗಟ್ಟಿ ಮಾಡಿ, ಮೇಲೆ ತಣ್ಣನೆಯ ಕೆನೆ ಸುರಿದುಕೊಳ್ಳುವ ಬೇಸಿಗೆಯ ಸಿಹಿ ಇದು. ‘ಕೆನೆಯೊಡನೆ ಕೆಂಪು ಗಂಜಿ’ ಎಂದಷ್ಟೇ ಅರ್ಥ. ಓರೆಗೀಟಿನ ಸ್ವರ ಮೂರು ಸಲ, ಮೆದು ದ ನಾಲ್ಕು ಸಲ, ಗಂಟಲಿನಿಂದ ಬರುವ ‘ರ’ ಎರಡು ಸಲ. ವಿದೇಶಿಯರಿಂದ ಇದನ್ನು ಹೇಳಿಸಿ ನಗುವುದು ಅಲ್ಲಿನ ಹಳೆಯ ವಿನೋದ.

ಬರೆದದ್ದನ್ನೆಲ್ಲ ಉಚ್ಚರಿಸುವ ಅಭ್ಯಾಸವೂ ಈ ಭಾಷೆಗಿಲ್ಲ. ‘ಲ’ ಮತ್ತು ‘ನ’ಗಳ ನಂತರ ಬರುವ ‘ಡ’ ಸಾಮಾನ್ಯವಾಗಿ ಮೌನ. ಹೆರಿಂಗ್ ಮೀನಿನ ಹೆಸರಿನ ಕೊನೆಯಲ್ಲಿ ಆ ಅಕ್ಷರವಿದ್ದರೂ ಕೇಳಿಸುವುದು ‘ಸಿಲ್’ ಮಾತ್ರ. ಸ್ವರದ ನಂತರದ ‘ಗ’ ಎಷ್ಟೋ ಕಡೆ ‘ಯ’ ಆಗುತ್ತದೆ, ಇಲ್ಲವೇ ಕರಗುತ್ತದೆ. ಕೇಕಿಗೆ ‘ಕೇಯ’, ಈರುಳ್ಳಿಗೆ ‘ಲೊಯ್’. ರೂಬ್ರೊದ್‌ನ ‘ರೂ’ ಕೂಡ ಬರಹದಲ್ಲಿ ‘ರುಗ್’.

ಮಾಂಸ, ಹಾಲು, ಚೀಸು

ಉತ್ತರಪದದ ಸೂತ್ರ ನೇರವಾಗಿ ಕೆಲಸಕ್ಕೆ ಬರುವುದು ಅಂಗಡಿಯಲ್ಲಿ. ‘ಕೊದ್’ ಎಂದರೆ ಮಾಂಸ. ‘ಸ್ವೀನಕೊದ್’ ಹಂದಿಯದು, ‘ಒಕ್ಸಕೊದ್’ ದನದ್ದು, ‘ಕಲ್ವಕೊದ್’ ಎಳೆಗರುವಿನದು, ‘ಹಕ್ಕಕೊದ್’ ಕೊಚ್ಚಿದ ಮಾಂಸ. ಕೋಳಿ ಮಾತ್ರ ‘ಕ್ಯುಲಿಂಗ್’ ಎಂದು ಒಂಟಿಯಾಗಿ ನಿಲ್ಲುತ್ತದೆ. ಡೆನ್ಮಾರ್ಕಿಗೆ ಓದಲು, ದುಡಿಯಲು ಹೋಗುವ ಸಸ್ಯಾಹಾರಿ ಕನ್ನಡಿಗರು ಮೊದಲು ಕಲಿಯಬೇಕಾದ ಬಾಲ ಇದೇ. ‘ಉದನ್ ಕೊದ್’ ಎಂದರೆ ಮಾಂಸವಿಲ್ಲದ್ದು. ಕೊದ್ ಎಂಬ ಗುರುತಿಲ್ಲದೆ ಬಚ್ಚಿಟ್ಟುಕೊಳ್ಳುವ ಪದಗಳೂ ಉಂಟು: ‘ಫ್ಲೆಸ್ಕ್’ ಹಂದಿಯ ಕೊಬ್ಬುಳ್ಳ ಮಾಂಸ, ‘ಹುಸ್‌ಬ್ಲಾಸ್’ ಸಿಹಿ ತಿನಿಸುಗಳನ್ನು ಗಟ್ಟಿ ಮಾಡುವ ಜೆಲಾಟಿನ್ ಹಾಳೆ.

ಹಾಲಿಗೆ ‘ಮೆಲ್ಕ್’. ಅದರ ಮುಂದಿನ ಗುರುತು ತಿಳಿಯದಿದ್ದರೆ ಚಹಾ ಕೆಟ್ಟಂತೆಯೇ. ‘ಸೊದ್‌ಮೆಲ್ಕ್’ ಪದಶಃ ‘ಸಿಹಿ ಹಾಲು’. ಸಕ್ಕರೆ ಹಾಕಿದ್ದಲ್ಲ, ಸುಮಾರು ಶೇ 3.5 ಕೊಬ್ಬಿರುವ ಗಟ್ಟಿ ಹಾಲು. ‘ಲೆಟ್‌ಮೆಲ್ಕ್’ ಹಗುರ ಹಾಲು, ಕೊಬ್ಬು ಸುಮಾರು ಶೇ 1.5. ‘ಸ್ಕೊಮ್ಮದ್‌ಮೆಲ್ಕ್’ ಕೆನೆ ತೆಗೆದದ್ದು. ‘ಕೆರ್ನಮೆಲ್ಕ್’ ಮಜ್ಜಿಗೆ. ‘ಕೆರ್ನ’ ಎಂದರೆ ಬೆಣ್ಣೆ ಕಡೆಯುವ ಪಾತ್ರೆ, ಹಾಗಾಗಿ ‘ಕಡೆದ ಹಾಲು’. ಈ ಮಜ್ಜಿಗೆಗೆ ಮೊಟ್ಟೆ, ಸಕ್ಕರೆ, ವೆನಿಲ್ಲಾ, ನಿಂಬೆ ಬೆರೆಸಿ ತಣ್ಣಗೆ ಮಾಡಿದರೆ ಬೇಸಿಗೆಯ ‘ಕೊಲ್‌ಸ್ಕೋಲ್’ ಸಿದ್ಧ. ಹೆಸರಿನ ಅರ್ಥ ‘ತಣ್ಣನೆಯ ಬಟ್ಟಲು’. ಅದರಲ್ಲಿ ತೇಲುವ ಪುಟ್ಟ ಗರಿಗರಿ ಬಿಸ್ಕತ್ತಿನ ಹೆಸರು ‘ಕಮ್ಮರ್‌ಯುಂಕರ್’; ಅದು ರಾಜನ ಅರಮನೆಯಲ್ಲಿ ಸೇವೆಗಿದ್ದ ಕುಲೀನರ ಬಿರುದು.

ನಾಮಪದಗಳಿಗೆ ಎರಡು ಲಿಂಗಗಳಿವೆ. ಹೆಚ್ಚಿನವು ‘ಎನ್’ ಗುಂಪಿಗೆ ಸೇರಿದರೆ ಉಳಿದವು ‘ಎಟ್’ ಗುಂಪಿಗೆ. ಯಾವುದು ಎಲ್ಲಿಗೆ ಎಂಬುದಕ್ಕೆ ಗಟ್ಟಿ ನಿಯಮವಿಲ್ಲದ್ದರಿಂದ ಪದದೊಂದಿಗೇ ಬಾಯಿಪಾಠ ಮಾಡಬೇಕು. ನಿರ್ದಿಷ್ಟವಾಗಿ ‘ಆ ಬ್ರೆಡ್ಡು’, ‘ಆ ಚೀಸು’ ಎನ್ನಲು ಬೇರೆ ಪದ ಬೇಕಿಲ್ಲ. ಕನ್ನಡದ ವಿಭಕ್ತಿಯಂತೆ ಆ ಗುರುತು ಪದದ ಕೊನೆಗೆ ಅಂಟುತ್ತದೆ: ‘ಎಟ್ ಬ್ರೊದ್’ ಒಂದು ಬ್ರೆಡ್ಡು, ‘ಬ್ರೊದದ್’ ಆ ಬ್ರೆಡ್ಡು, ‘ಎನ್ ಒಸ್ಟ್’ ಒಂದು ಚೀಸು, ‘ಒಸ್ಟನ್’ ಆ ಚೀಸು. ಲಿಂಗ ಬದಲಾದರೆ ಅರ್ಥವೂ ಬದಲಾಗುವುದುಂಟು. ‘ಎನ್ ಒಲ್’ ಎಂದರೆ ಒಂದು ಲೋಟ ಅಥವಾ ಒಂದು ಬಾಟಲಿ ಬಿಯರ್, ‘ಎಟ್ ಒಲ್’ ಎಂದರೆ ಬಿಯರಿನ ಒಂದು ಬಗೆ.

ಹೊತ್ತು ತಪ್ಪಿದ ಹೆಸರುಗಳು

ಬೆಳಗಿನ ತಿಂಡಿ ‘ಮೋರ್ನ್‌ಮದ್’, ರಾತ್ರಿಯೂಟ ‘ಅಫ್ಟನ್ಸ್‌ಮದ್’. ಇವೆರಡೂ ಬಾಲದ ನಿಯಮಕ್ಕೆ ವಿಧೇಯ. ನಡುವಿನ ಊಟದ ಹೆಸರು ‘ಫ್ರೊಕೊಸ್ಟ್’. ಹಳೆಯ ಜರ್ಮನ್ ಮೂಲದ ಈ ಪದಕ್ಕೆ ‘ಬೆಳಗಿನ ಆಹಾರ’ ಎಂದು ಅರ್ಥ. ಪಕ್ಕದ ಸ್ವೀಡನ್, ನಾರ್ವೆಗಳಲ್ಲಿ ಅದರ ಸೋದರಪದಗಳು ಇಂದಿಗೂ ಬೆಳಗಿನ ತಿಂಡಿಯನ್ನೇ ಸೂಚಿಸುತ್ತವೆ. ಡೆನ್ಮಾರ್ಕಿನಲ್ಲಿ ಪದ ಮಧ್ಯಾಹ್ನಕ್ಕೆ ಸರಿಯಿತು. ‘ನಡುಹಗಲು’ ಎಂಬ ಅರ್ಥದ ‘ಮಿಡ್ಡ’ ಎಂಬ ಊಟ ಸಂಜೆಗೆ ಸರಿಯಿತು. ಡಿಸೆಂಬರಿನಲ್ಲಿ ಕಚೇರಿಗಳು ನಡೆಸುವ ‘ಯೂಲಫ್ರೊಕೊಸ್ಟ್’, ಅಂದರೆ ಕ್ರಿಸ್‌ಮಸ್ ಮಧ್ಯಾಹ್ನದೂಟ, ಎಷ್ಟೋ ಸಲ ಶುರುವಾಗುವುದೇ ಕತ್ತಲಾದ ಮೇಲೆ.

ಮಧ್ಯಾಹ್ನದ ಬುತ್ತಿಗೆ ‘ಮದ್‌ಪಕ್ಕ’ ಎಂಬ ಹೆಸರು. ಶಾಲೆಯ ಮಗುವಿನಿಂದ ಅಧಿಕಾರಿಯವರೆಗೆ ಎಲ್ಲರ ಚೀಲದಲ್ಲೂ ಇರುವ ಈ ಡಬ್ಬಿಯಲ್ಲಿ ರೂಬ್ರೊದ್ ತುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲೆ ಇನ್ನೊಂದು ತುಂಡು ಮುಚ್ಚದ, ತೆರೆದ ಬ್ರೆಡ್ಡಾದ್ದರಿಂದ ಒಂದರ ಲೇಪ ಇನ್ನೊಂದಕ್ಕೆ ಹತ್ತದಂತೆ ನಡುವೆ ತೆಳ್ಳನೆಯ ಕಾಗದ ಇಡುತ್ತಾರೆ. ಅದಕ್ಕೂ ‘ನಡುವೆ ಇಡುವ ಕಾಗದ’ ಎಂಬ ಅರ್ಥದ ಪ್ರತ್ಯೇಕ ಪದವಿದೆ: ‘ಮೆಲ್ಲಮ್‌ಲೆಗ್ಸ್‌ಪಪೀರ್’.

ಬ್ರೆಡ್ಡಿನ ಮೇಲಿನ ಊಟ

ಬುತ್ತಿಯ ಈ ಸರಳ ತುಂಡೇ ಸಿಂಗಾರಗೊಂಡು ಹೋಟೆಲಿಗೆ ಬಂದಾಗ ಅದು ಸ್ಮೊರಬ್ರೊದ್. ರೈ ಚಳಿಯನ್ನೂ ಬಡಕಲು ನೆಲವನ್ನೂ ತಾಳಿಕೊಳ್ಳುವ ಬೆಳೆ. ಅದರ ಹಿಟ್ಟನ್ನು ಹುಳಿ ಬರಿಸಿ ಸುಟ್ಟ ಬ್ರೆಡ್ಡು ಒತ್ತಾಗಿ, ತೂಕವಾಗಿ ಇರುತ್ತದೆ, ಮೇಲೆ ಎಷ್ಟು ಪೇರಿಸಿದರೂ ಕುಸಿಯದು. ಬೆಣ್ಣೆ ಸವರುವುದು ರುಚಿಗೆ ಮಾತ್ರವಲ್ಲ. ಮೇಲಿನ ತೇವ ಬ್ರೆಡ್ಡಿಗೆ ಇಳಿಯದಂತೆ ತಡೆಯುವುದೂ ಅದೇ. ಬೆಣ್ಣೆಯ ಮೇಲೆ ಕೂರುವ ಸಕಲಕ್ಕೂ ‘ಪೊಲೆಗ್’ ಎಂಬ ಒಂದೇ ಹೆಸರು, ‘ಮೇಲೆ ಇಟ್ಟದ್ದು’ ಎಂದು ಅರ್ಥ. ಕನ್ನಡದಲ್ಲಿ ‘ನೆಂಚಿಕೊಳ್ಳಲು ಏನಿದೆ’ ಎಂದು ಕೇಳುವ ಹಾಗೆ ಅಲ್ಲಿ ‘ಪೊಲೆಗ್ ಏನಿದೆ’ ಎಂದು ಕೇಳುತ್ತಾರೆ.

ಇಂಥ ಒಂದು ತುಂಡನ್ನು ‘ಎನ್ ಮದ್’ ಎನ್ನುತ್ತಾರೆ. ಆಹಾರ ಎಂಬ ಪದವೇ ಇಲ್ಲಿ ಎಣಿಕೆಯ ವಸ್ತುವಾಗುತ್ತದೆ. ಬೇಯಿಸಿದ ಆಲೂಗಡ್ಡೆಯ ಬಿಲ್ಲೆಗಳನ್ನಿಟ್ಟರೆ ‘ಕಟೊಫೆಲ್‌ಮದ್’, ಮೊಟ್ಟೆಯದಾದರೆ ‘ಎಗ್ಗಮದ್’.

ತಿನ್ನುವುದು ಕೈಯಲ್ಲಲ್ಲ, ಚಾಕು ಮತ್ತು ಫೋರ್ಕಿನಲ್ಲಿ. ಅದಕ್ಕೊಂದು ಕ್ರಮವೂ ಇದೆ. ಮೊದಲು ವಿನಿಗರಿನಲ್ಲಿ ಹಾಕಿಟ್ಟ ಹೆರಿಂಗ್, ಆಮೇಲೆ ಉಳಿದ ಮೀನು, ಆಮೇಲೆ ಮಾಂಸ, ಕಡೆಗೆ ಚೀಸು. ಹೆರಿಂಗಿನ ಹುಳಿ ಮತ್ತು ವಾಸನೆ ಬೇರೆಯದಕ್ಕೆ ತಗಲಬಾರದೆಂದು ಅದು ಮುಗಿದ ಮೇಲೆ ತಟ್ಟೆ ಬದಲಿಸುವುದು ರೂಢಿ.

ಹಂದಿ ಬಂದ ದಾರಿ

ಡೇನಿಶ್ ಬಿಸಿಯೂಟದ ಹೆಸರುಗಳಲ್ಲಿ ಹಂದಿ ಮತ್ತೆ ಮತ್ತೆ ಎದುರಾಗುವುದಕ್ಕೆ ಆರ್ಥಿಕ ಕಾರಣವಿದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ, ರಷ್ಯಾಗಳಿಂದ ಅಗ್ಗದ ಧಾನ್ಯ ಯುರೋಪಿಗೆ ಹರಿದು ಬಂದಾಗ ಡೆನ್ಮಾರ್ಕಿನ ರೈತರು ಧಾನ್ಯ ಮಾರುವುದನ್ನು ಬಿಟ್ಟು, ಅದನ್ನು ದನ, ಹಂದಿಗಳಿಗೆ ಮೇಯಿಸಿ ಬೆಣ್ಣೆ ಮತ್ತು ಬೇಕನ್ ಮಾರತೊಡಗಿದರು. 1882ರಲ್ಲಿ ಪಶ್ಚಿಮ ಜಟ್ಲೆಂಡಿನ ಯೆದ್ದಿಂಗ್‌ನಲ್ಲಿ ಮೊದಲ ಸಹಕಾರಿ ಡೈರಿ, 1887ರಲ್ಲಿ ಹೊರ್ಸೆನ್ಸ್ ಪಟ್ಟಣದಲ್ಲಿ ಮೊದಲ ಸಹಕಾರಿ ಕಸಾಯಿಖಾನೆ ಶುರುವಾದವು. ಬೆಣ್ಣೆ ತೆಗೆದು ಉಳಿದ ಹಾಲು ಹಂದಿಗಳ ಮೇವಾಯಿತು, ಹಂದಿ ಇಂಗ್ಲೆಂಡಿನ ಬೆಳಗಿನ ತಟ್ಟೆ ಸೇರಿತು. ಅದೇ ಕಾಲಕ್ಕೆ ಎರಕದ ಕಬ್ಬಿಣದ ಒಲೆ ಮತ್ತು ಮಾಂಸ ಅರೆಯುವ ಯಂತ್ರ ಮನೆಗಳಿಗೆ ಬಂದವು. ಹುರಿಯುವ, ಬೇಕ್ ಮಾಡುವ ಇಂದಿನ ‘ಸಾಂಪ್ರದಾಯಿಕ’ ಅಡುಗೆ ಬಹುಪಾಲು ಆ ಒಲೆಯ ಕೂಸು.

ಕೊಚ್ಚಿದ ಮಾಂಸಕ್ಕೆ ಈರುಳ್ಳಿ, ಮೊಟ್ಟೆ, ಹಿಟ್ಟು ಕಲೆಸಿ ಬೆಣ್ಣೆಯಲ್ಲಿ ಕರಿದ ಉಂಡೆ ‘ಫ್ರಿಕಡೆಲ್ಲ’. ಹಂದಿಯ ತುಂಡನ್ನು ಚರ್ಮಸಹಿತ ಬೇಯಿಸಿ, ಚರ್ಮ ಹಪ್ಪಳದಂತೆ ಗರಿಗರಿ ಮಾಡಿದ ಹಬ್ಬದ ರೋಸ್ಟ್ ‘ಫ್ಲೆಸ್ಕಸ್ಟಾಯ್’. ಅದನ್ನೇ ತಿರುಗಿಸಿದಂಥ ಹೆಸರು ‘ಸ್ಟೆಗ್ಟ್ ಫ್ಲೆಸ್ಕ್’: ಗರಿಗರಿಯಾಗಿ ಹುರಿದ ಹಂದಿಯ ಹೊಟ್ಟೆಭಾಗದ ಪಟ್ಟಿಗಳು, ಜೊತೆಗೆ ಬೇಯಿಸಿದ ಆಲೂಗಡ್ಡೆ ಮತ್ತು ಪಾರ್ಸ್ಲಿ ಸೊಪ್ಪಿನ ಬಿಳಿ ಸಾಸ್. 2014ರಲ್ಲಿ ಆಹಾರ ಸಚಿವಾಲಯ ನಡೆಸಿದ ಸಾರ್ವಜನಿಕ ಮತದಾನದಲ್ಲಿ ಡೇನರು ಇದನ್ನೇ ರಾಷ್ಟ್ರೀಯ ಖಾದ್ಯವಾಗಿ ಆರಿಸಿದರು.

ಅನ್ಯಪದದ ಆಟ

ಬಾಲ ಹಿಡಿದರೂ ದಾರಿ ತಪ್ಪಿಸುವ ಹೆಸರುಗಳಿವೆ. ಕನ್ನಡ ವ್ಯಾಕರಣದಲ್ಲಿ ‘ಮುಕ್ಕಣ್ಣ’ ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಈಶ್ವರ, ಅದು ಬಹುವ್ರೀಹಿ. ಡೇನಿಶ್ ತಿಂಡಿಪಟ್ಟಿಯಲ್ಲೂ ಈ ಬಗೆಯ ಆಟ ಧಾರಾಳ. ‘ಸ್ಟೆರ್ನಸ್ಕುದ್’ ಎಂದರೆ ಉಲ್ಕೆ. ತಟ್ಟೆಗೆ ಬರುವುದು ಕರಿದ ಮೀನು, ಬೇಯಿಸಿದ ಮೀನು, ಸೀಗಡಿ ಪೇರಿಸಿದ ಬಿಳಿ ಬ್ರೆಡ್ಡು. ‘ಬ್ರೆನ್ನನ ಕೆರ್ಲಿಹೆದ್’ ಎಂದರೆ ಉರಿಯುವ ಪ್ರೇಮ. ಬರುವುದು ಕಿವುಚಿದ ಆಲೂಗಡ್ಡೆಯ ಗುಡ್ಡೆ, ಮೇಲೆ ಹುರಿದ ಬೇಕನ್ ಮತ್ತು ಈರುಳ್ಳಿ. ‘ಗುದ್ಯೆಮ್ ಮೇಲಿನ ಸೂರ್ಯ’ ಎಂಬುದು ಬಾರ್ನ್‌ಹೋಮ್ ದ್ವೀಪದ ಪುಟ್ಟ ಊರಿನ ಹೆಸರು ಹೊತ್ತ ಸ್ಮೊರಬ್ರೊದ್. ಹೊಗೆಯಲ್ಲಿ ಹದ ಮಾಡಿದ ಹೆರಿಂಗಿನ ಮೇಲೆ ಕೂತ ಹಸಿ ಮೊಟ್ಟೆಯ ಹಳದಿಯೇ ಸೂರ್ಯ. ‘ಪಶುವೈದ್ಯನ ರಾತ್ರಿಯೂಟ’ ಎಂಬುದರಲ್ಲಿ ಈಲಿಯ ಲೇಪ, ಉಪ್ಪು ಹಾಕಿದ ದನದ ಮಾಂಸ, ಈರುಳ್ಳಿ ಇರುತ್ತವೆ. ಕೋಪನ್‌ಹೇಗನ್ನಿನ ಹೋಟೆಲೊಂದಕ್ಕೆ ತಪ್ಪದೆ ಬರುತ್ತಿದ್ದ ಪಶುವೈದ್ಯರಿಂದ ಆ ಹೆಸರು ಬಂತೆಂಬ ಮಾತಿದೆ. ‘ಮುಸುಕಿನ ಹಳ್ಳಿ ಹುಡುಗಿ’ಯಾಗಿ ಬರುವುದು ರೂಬ್ರೊದ್ ಪುಡಿ, ಬೇಯಿಸಿದ ಸೇಬು ಪದರ ಪದರವಾಗಿ ಹರವಿದ ಸಿಹಿ, ಮೇಲಿನ ಕೆನೆಯೇ ಮುಸುಕು. ‘ಹುಸಿ ಮೊಲ’ದಲ್ಲಿ ಮೊಲವಿಲ್ಲ, ಅದು ಕೊಚ್ಚಿದ ಮಾಂಸದ ಅಚ್ಚು.

ವೀನರ್‌ಬ್ರೊದ್‌ನ ಕತೆ ಬೇರೆ. ಜಗತ್ತು ‘ಡೇನಿಶ್ ಪೇಸ್ಟ್ರಿ’ ಎನ್ನುವ ತಿನಿಸನ್ನು ಡೇನರು ‘ವಿಯೆನ್ನಾ ಬ್ರೆಡ್ಡು’ ಎನ್ನುತ್ತಾರೆ. 1850ರಲ್ಲಿ ಬೇಕರಿ ಕೆಲಸಗಾರರು ಮುಷ್ಕರ ಹೂಡಿದಾಗ ಮಾಲೀಕರು ಹೊರದೇಶಗಳಿಂದ ಕೆಲಸಗಾರರನ್ನು ಕರೆಸಿದರು. ಅವರಲ್ಲಿದ್ದ ಆಸ್ಟ್ರಿಯನ್ನರು ಹಿಟ್ಟು ಬೆಣ್ಣೆ ಮಡಿಚಿ ಮಡಿಚಿ ಲಟ್ಟಿಸುವ ಕೈಚಳಕ ತಂದರು. ಡೇನರು ಅದನ್ನು ಕಲಿತು ತಮ್ಮ ರುಚಿಗೆ ಒಗ್ಗಿಸಿಕೊಂಡರು, ಹೆಸರನ್ನು ಮಾತ್ರ ಗುರುಗಳಿಗೇ ಬಿಟ್ಟರು. ಇತ್ತ ಆಸ್ಟ್ರಿಯಾದಲ್ಲಿ ಇಂಥ ತಿನಿಸಿಗೆ ಕೋಪನ್‌ಹೇಗನ್ನಿನ ಹೆಸರಿದೆ. ಸುರುಳಿ ಸುತ್ತಿದ ದಾಲ್ಚಿನ್ನಿಯ ಬಗೆಗೆ ಡೆನ್ಮಾರ್ಕಿನಲ್ಲಿ ‘ಕನೇಲ್‌ಸ್ನಾಯ್ಲ್’, ಅಂದರೆ ದಾಲ್ಚಿನ್ನಿ ಬಸವನಹುಳು, ಎನ್ನುತ್ತಾರೆ.

ಗುಳಿಯ ಹಂಚಿನ ಸೇಬು

ಕನ್ನಡಿಗರ ಕಣ್ಣಿಗೆ ತಟ್ಟನೆ ಗುರುತು ಸಿಗುವ ಪದಾರ್ಥ ‘ಎಬ್ಲಸ್ಕೀವರ್’. ಪದಶಃ ಇದು ‘ಸೇಬಿನ ಬಿಲ್ಲೆಗಳು’, ಆದರೆ ಇಂದು ಬಹುತೇಕ ಸಂದರ್ಭದಲ್ಲಿ ಅದರಲ್ಲಿ ಸೇಬೂ ಇಲ್ಲ, ಬಿಲ್ಲೆಯೂ ಇಲ್ಲ. ಹಿಂದೆ ಸೇಬಿನ ಹೋಳನ್ನು ಹಿಟ್ಟಿನಲ್ಲಿ ಅದ್ದಿ ಬೇಯಿಸುತ್ತಿದ್ದ ಕಾಲದ ಹೆಸರು ಉಳಿದುಕೊಂಡಿದೆ. ಈಗಿನದು ಚೆಂಡಿನಂಥ ದುಂಡನೆಯ ಸಿಹಿ. ಅದನ್ನು ಮಾಡುವ ಎರಕದ ಹಂಚು ನೋಡಿದರೆ ಪಡ್ಡಿನ ಹಂಚಿನ ನೆಂಟನೇ ಸರಿ: ದಪ್ಪ ಕಬ್ಬಿಣ, ಉದ್ದ ಹಿಡಿ, ಸಾಮಾನ್ಯವಾಗಿ ಏಳು ಅರೆಗೋಳದ ಗುಳಿಗಳು.

ಮೈದಾ, ಮೊಟ್ಟೆ, ಮಜ್ಜಿಗೆ, ತುಸು ಸಕ್ಕರೆ, ಏಲಕ್ಕಿ ಪುಡಿ, ನಿಂಬೆಸಿಪ್ಪೆಯ ತುರಿ ಕಲೆಸಿದ ಸಂಪಣ ಸಿದ್ಧವಾಗಿರುತ್ತದೆ. ಗುಳಿಯೊಂದೊಂದಕ್ಕೂ ಬೆಣ್ಣೆ ಹಾಕಿ, ಅದು ನೊರೆಯೆದ್ದಾಗ ಸಂಪಣ ಸುರಿಯುತ್ತಾರೆ. ಪಡ್ಡಾದರೆ ಒಂದೇ ಸಲ ಮಗುಚುವುದು. ಇಲ್ಲಿ ಅಂಚು ಬೆಂದ ಕೂಡಲೆ ಉಣ್ಣೆ ಹೆಣೆಯುವ ಕಡ್ಡಿಯಿಂದ ಚುಚ್ಚಿ ಕಾಲುಭಾಗ ಮಾತ್ರ ತಿರುಗಿಸುತ್ತಾರೆ. ಒಳಗಿನ ಹಸಿ ಹಿಟ್ಟು ಹರಿದು ಗುಳಿಯ ತಳ ಸೇರಿ ಬೇಯುತ್ತದೆ. ಮತ್ತೆ ಕಾಲು ಸುತ್ತು, ಮತ್ತೆ ಇನ್ನೊಂದು. ಹೀಗೆ ಎಲ್ಲ ದಿಕ್ಕಿಗೂ ಹೊರಪದರ ಕೂಡಿ ಪೂರ್ಣ ಗೋಳವಾಗುತ್ತದೆ. ಡಿಸೆಂಬರಿನಲ್ಲಿ ಪುಡಿ ಸಕ್ಕರೆ ಮತ್ತು ಜಾಮ್ ಜೊತೆ ಬಡಿಸುತ್ತಾರೆ.

ಗಂಜಿಯೊಳಗಿನ ಬಾದಾಮಿ

ಅದೇ ತಿಂಗಳ ಇನ್ನೊಂದು ಪದ ‘ರೀಸನ್‌ಗ್ರೊದ್’, ಹಾಲಿನಲ್ಲಿ ಬೇಯಿಸಿದ ಅಕ್ಕಿ ಗಂಜಿ. ಅಕ್ಕಿ ಪಾಯಸಕ್ಕೆ ಹತ್ತಿರ, ಆದರೆ ಸಿಹಿ ಮೇಲಿಂದ ಬರುತ್ತದೆ: ದಾಲ್ಚಿನ್ನಿ ಬೆರೆತ ಸಕ್ಕರೆ ಉದುರಿಸಿ, ನಡುವೆ ಬೆಣ್ಣೆಯ ಗುಂಡು ಇಡುತ್ತಾರೆ. ಮನೆ, ಕೊಟ್ಟಿಗೆ ಕಾಯುವ ‘ನಿಸ್ಸ’ ಎಂಬ ಕೆಂಪು ಟೊಪ್ಪಿಗೆಯ ಕುಳ್ಳನಿಗೂ ಒಂದು ಬಟ್ಟಲು ಅಟ್ಟದಲ್ಲಿ ಇಡುವುದು ಜನಪದ ನಂಬಿಕೆ.

ಕ್ರಿಸ್‌ಮಸ್ ಹಿಂದಿನ ರಾತ್ರಿ ಇದೇ ಗಂಜಿ ತಣ್ಣಗಾಗಿ, ಕಡೆದ ಕೆನೆ, ವೆನಿಲ್ಲಾ, ಬಾದಾಮಿ ಚೂರು ಸೇರಿ ‘ರಿಸಲಮಾಂಗ್’ ಆಗುತ್ತದೆ. ‘ಬಾದಾಮಿಯ ಅಕ್ಕಿ’ ಎಂಬ ಫ್ರೆಂಚ್ ಮಾತನ್ನು ಡೇನಿಶ್ ಕಾಗುಣಿತದಲ್ಲಿ ಮುದ್ದೆ ಕಟ್ಟಿದ ಹೆಸರಿದು. ಮೇಲೆ ಬಿಸಿ ಚೆರ್ರಿ ಸಾಸ್. ಚೂರುಗಳ ನಡುವೆ ಒಂದೇ ಒಂದು ಇಡೀ ಬಾದಾಮಿ ಅಡಗಿರುತ್ತದೆ. ಸಿಕ್ಕವರಿಗೆ ‘ಮಂಡಲ್‌ಗೇವ’, ಬಾದಾಮಿಯ ಬಹುಮಾನ, ಕೊಡುತ್ತಾರೆ. ಹಲವು ಮನೆಗಳಲ್ಲಿ ಅದು ಬಾದಾಮಿ ಹಿಟ್ಟಿನ ಹಂದಿಬೊಂಬೆ. ಸಿಕ್ಕವರು ಅದನ್ನು ಕೆನ್ನೆಯೊಳಗೆ ಅಡಗಿಸಿಕೊಂಡು ಸುಮ್ಮನಿರುತ್ತಾರೆ, ಉಳಿದವರು ಹೊಟ್ಟೆ ಬಿರಿಯುವಂತೆ ತಿನ್ನುತ್ತ ಹುಡುಕುತ್ತಲೇ ಇರುತ್ತಾರೆ.

ಇಲ್ಲಿಂದ ಹೋದ ಪದಗಳು

ಡೇನಿಶ್ ಸಾಂಬಾರದ ಡಬ್ಬಿಯಲ್ಲಿ ಭಾರತದ ಪದಗಳೇ ವೇಷ ಬದಲಿಸಿಕೊಂಡಿವೆ. ಸಂಸ್ಕೃತದ ‘ಶರ್ಕರಾ’ ಅರಬ್ಬಿ, ಲ್ಯಾಟಿನ್, ಜರ್ಮನ್ ದಾಟಿ ‘ಸೊಕ್ಕರ್’ ಆಯಿತು. ಕನ್ನಡದಲ್ಲಿ ಅದೇ ‘ಸಕ್ಕರೆ’. ‘ಪಿಪ್ಪಲೀ’, ನಮ್ಮ ಹಿಪ್ಪಲಿ, ಗ್ರೀಕ್ ಮತ್ತು ಲ್ಯಾಟಿನ್ ಮೂಲಕ ಹೋಗಿ ಮೆಣಸಿನ ‘ಪೆವರ್’ ಆಯಿತು. ಶುಂಠಿಗೆ ಡೇನರು ‘ಇಂಗಫೆರ್’ ಎನ್ನುತ್ತಾರೆ. ಭಾಷಾವಿದರು ಇದರ ಮೂಲವನ್ನು ದ್ರಾವಿಡದ ‘ಇಂಜಿ’ ಮತ್ತು ‘ವೇರ್’ ಪದಗಳಲ್ಲಿ ಗುರುತಿಸುತ್ತಾರೆ. ವೇರ್ ಎಂದರೆ ಕನ್ನಡದ ಬೇರು.

ಡೇನರಿಗೆ ಭಾರತದ ಕರಾವಳಿ ಅಪರಿಚಿತವೂ ಅಲ್ಲ. 1620ರಿಂದ 1845ರವರೆಗೆ ತಮಿಳುನಾಡಿನ ತರಂಗಂಬಾಡಿ ಅವರ ವ್ಯಾಪಾರಿ ನೆಲೆಯಾಗಿತ್ತು. ಅಲ್ಲಿನ ಡ್ಯಾನ್ಸ್‌ಬೋರ್ಗ್ ಕೋಟೆ ಇಂದಿಗೂ ನಿಂತಿದೆ. ಡೇನಿಶ್ ಮನೆಯಡುಗೆಯ ಅಚ್ಚುಮೆಚ್ಚಿನ ‘ಬೊಲ್ಲರ್ ಇ ಕಾರಿ’ಯಲ್ಲಿರುವ ‘ಕಾರಿ’ ತಮಿಳಿನ ‘ಕರಿ’ಯೇ, ಹೋದದ್ದು ಮಾತ್ರ ಇಂಗ್ಲಿಷಿನ 'ಕರಿ' ಪದದ ಮೂಲಕ. ಬೇಯಿಸಿದ ಮಾಂಸದುಂಡೆ, ಕೆನೆ ಬೆರೆತ ತಿಳಿಹಳದಿ ಸಾಸು, ಪಕ್ಕದಲ್ಲಿ ಅನ್ನ. ಹೆಸರು ನೋಡಿ ಖಾರ ನಿರೀಕ್ಷಿಸಬಾರದು.

ಊಟ ಮುಗಿದ ಮೇಲೆ

ಹಳೆಯ ಪದಗಳಿಂದ ಹೊಸ ಹೆಸರು ಕಟ್ಟುವ ಕೆಲಸ ನಿಂತಿಲ್ಲ. 2003ರಲ್ಲಿ ರೆನೆ ರೆಡ್ಜೆಪಿ ಮತ್ತು ಕ್ಲೌಸ್ ಮೆಯರ್ ಕೋಪನ್‌ಹೇಗನ್ನಿನಲ್ಲಿ ತೆರೆದ, ಆಮೇಲೆ ಜಗತ್ಪ್ರಸಿದ್ಧವಾದ ‘ನೋಮಾ’ ರೆಸ್ಟೊರೆಂಟಿನ ಹೆಸರು ‘ನೊರ್ಡಿಸ್ಕ್’ ಮತ್ತು ‘ಮದ್’ ಪದಗಳ ಮೊದಲ ತುಂಡುಗಳನ್ನು ಕೂಡಿಸಿದ್ದು. ಉತ್ತರ ದೇಶಗಳ ಆಹಾರ ಎಂದು ಅರ್ಥ.

ಊಟ ಮುಗಿದಾಗ ಉಂಡವರು ಹೇಳುವುದು ‘ಟಕ್ ಫಾರ್ ಮದ್’, ಆಹಾರಕ್ಕೆ ಧನ್ಯವಾದ. ಅಡುಗೆ ಮಾಡಿದವರ ಉತ್ತರ ‘ವೆಲ್‌ಬೆಕೊಮ್ಮ’, ಮೈಗೆ ಹತ್ತಲಿ ಎಂಬ ಹಾರೈಕೆ. ಮನೆಯ ಮಕ್ಕಳೂ ‘ಟಕ್ ಫಾರ್ ಮದ್’ ಹೇಳದೆ ಮೇಜು ಬಿಟ್ಟು ಏಳಬಾರದೆಂಬುದು ಬಹಳ ಮನೆಗಳ ಶಿಸ್ತು. ಉಪಚಾರ ಅಲ್ಲಿಗೇ ಮುಗಿಯುವುದಿಲ್ಲ. ಔತಣಕ್ಕೆ ಕರೆದವರು ಕೆಲವು ದಿನಗಳ ಮೇಲೆ ದಾರಿಯಲ್ಲಿ ಸಿಕ್ಕರೆ ‘ಟಕ್ ಫಾರ್ ಸಿಸ್ಟ್’, ಕಳೆದ ಸಲಕ್ಕೆ ಧನ್ಯವಾದ, ಎಂದು ಇನ್ನೊಮ್ಮೆ ನೆನೆಯಬೇಕು.